ಪೋಲಿಯ ಕತ್ತಿನಲ್ಲಿರುವ ಚಿಪ್

ಮಂಗಳವಾರ, ಮಾರ್ಚ್ 11

ಪ್ರೀತಿಯ ಅಕ್ಕನಿಗೆ,

ನಾನು ಇಲ್ಲಿ ಕ್ಷೇಮ. ಉತ್ತರ ತಡವಾಯಿತು, ಬೈಯಬೇಡ. ಹೊಲಿಗೆ ಅಂಗಡಿಯಲ್ಲಿ ಶಾಲಾ ಸಮವಸ್ತ್ರಗಳ ರಾಶಿ ಬಿದ್ದಿದೆ, ತಲೆಯೆತ್ತಲೂ ಪುರುಸೊತ್ತಿಲ್ಲ. ನೀನು ಹೇಳಿದಂತೆಯೇ ಇದ್ದೇನೆ. ಹಳೆಯ ಸಿಮ್ ಎಸೆದೆ, ಹೊಸ ನಂಬರನ್ನು ಯಾರಿಗೂ ಕೊಟ್ಟಿಲ್ಲ, ಲಕೋಟೆಯ ಹಿಂದೆ ವಿಳಾಸ ಬರೆಯುವುದಿಲ್ಲ. ನನ್ನ ಗಂಡನೆನಿಸಿಕೊಂಡವನಿಗೆ ಈ ಊರು ಗೊತ್ತಾಗುವ ದಾರಿಯೇ ಇಲ್ಲ ಅಂದುಕೊಂಡಿದ್ದೆ.

ಪೋಲಿಯ ಕಿವಿ ಸೋರುತ್ತಿತ್ತು. "ನಾಯಿಗೂ ನಿನಗೂ ಒಂದೇ ಹಟ, ಇಬ್ಬರೂ ಡಾಕ್ಟ್ರ ಕಡೆ ತಲೆ ಹಾಕಲ್ಲ" ಎಂದು ಅಂಗಡಿಯ ಯಜಮಾನಿ ನಿನ್ನೆ ಬೈದು ಕಳಿಸಿದರು. ನಾಯಿ ಡಾಕ್ಟರು ವಯಸ್ಸಾದವರು, ಬಾಯಿ ತುಂಬ ಮಾತು. ಕಿವಿ ನೋಡುವ ಮೊದಲು ಟಾರ್ಚಿನಂಥದ್ದೊಂದನ್ನು ಪೋಲಿಯ ಕತ್ತಿನ ಮೇಲೆ ಆಡಿಸಿದರು. ಅದು ಕೀಂ ಎಂದಿತು.

"ಚಿಪ್ ಇದೆಯಲ್ಲಮ್ಮಾ! ಆದ್ರೆ ಬೇರೆ ಯಾರದೋ ಹೆಸರಲ್ಲಿದೆ."

ಮರಿಯಾಗಿದ್ದಾಗ ಅವನೇ ಹಾಕಿಸಿದ್ದು. ಚರ್ಮದಡಿಯಲ್ಲಿ ಅಕ್ಕಿಕಾಳಿನಷ್ಟು, ಮಾಲೀಕ ಯಾರೆಂದು ತೋರಿಸುವಂಥದ್ದು. ನನಗೆ ನೆನಪೇ ಇರಲಿಲ್ಲ.

"ಅದು ಹಾಗೇ ಇರ್ಲಿ ಡಾಕ್ಟ್ರೇ."

"ಛೇ, ನಾಳೆ ತಪ್ಪಿಸ್ಕೊಂಡ್ರೆ ಅವರ ಮನೆಗೇ ಹೋಗುತ್ತೆ. ನಿಮ್ಮ ಹೆಸರಿಗೆ ಮಾಡ್ಸೋದು ಸುಲಭ. ಹಳೇ ಮಾಲೀಕರ ಫೋನಿಗೆ ಮೆಸೇಜ್ ಹೋಗುತ್ತೆ, ಅವರು ಒಪ್ಪಿದ್ರೆ ಮುಗೀತು. ಆಗ್ಲೇ ಕಳಿಸಿದೀನಿ."

"ಎಲ್ಲಿಂದ ಬಂತು ಅಂತ ಗೊತ್ತಾಗುತ್ತಾ?"

"ಗೊತ್ತಾಗ್ಲೇಬೇಕಲ್ಲಮ್ಮಾ! ಇಲ್ದಿದ್ರೆ ನಾಯಿ ಕದ್ದೋರೂ ಕೇಳ್ಬಹುದಲ್ಲ. ನಮ್ಮ ಕ್ಲಿನಿಕ್ ಹೆಸರು, ಬೀದಿ, ಎಲ್ಲಾ ಇರುತ್ತೆ."

ಕಿವಿಗೆ ಔಷಧಿ ಬಿಡುವಷ್ಟರಲ್ಲಿ ಒಪ್ಪಿಗೆ ಬಂದೇಬಿಟ್ಟಿತು. "ಪುಣ್ಯಾತ್ಮ! ಎರಡು ಮಾತಾಡ್ದೆ ಬಿಟ್ಕೊಟ್ರು ನೋಡಿ" ಎಂದು ಡಾಕ್ಟರು ನಕ್ಕರು.

ಅಕ್ಕಾ, ನೀನು ಕೊಟ್ಟಿದ್ದ ತಟ್ಟೆಯನ್ನೂ ನಾನು ಹೊರಟು ಬರುವಾಗ ಬಿಟ್ಟುಕೊಡದವನು ಅವನು.

ಗಾಬರಿಯಾಗಬೇಡ. ಅಂಗಡಿಯ ಮೇಲಿನ ನನ್ನ ಕೋಣೆಗೆ ಒಳಗಿನಿಂದ ಎರಡು ಚಿಲಕಗಳಿವೆ. ಕೆಳಗೆ ಯಜಮಾನಿ ಇರುತ್ತಾರೆ. ಅವರ ಬಾಯಿಗೆ ಹೆದರಿ ಇಡೀ ಬೀದಿಯೇ ಸುಮ್ಮನಿರುತ್ತದೆ. ಪೋಲಿ ಈಗ ದಾಖಲೆಯಲ್ಲೂ ನನ್ನದು. ಭಾವನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನಿನ್ನ ಹಾರೈಕೆಯೊಂದಿದ್ದರೆ ನನಗೆ ಸಾಕು.

ನಿನ್ನ ತಂಗಿ

ತಾ.ಕ.: ಈ ದಿನ ಗುರುವಾರ. ಕಾಗದ ಇನ್ನೂ ಅಂಚೆಗೆ ಹಾಕಿರಲಿಲ್ಲ. ಕ್ಲಿನಿಕ್ಕಿನ ಕಾಂಪೌಂಡರ್ ಬಂದು ಒಂದು ಚರ್ಮದ ಬಾರನ್ನು ಕೊಟ್ಟು ಹೋದರು. "ಹಳೇ ಮಾಲೀಕರು ಬಂದಿದ್ರು ಕಣಮ್ಮಾ, ತುಂಬಾ ಒಳ್ಳೇವ್ರು. ನಾಯಿ ಕೊಟ್ಮೇಲೆ ಇದೂ ಅವಳಿಗೇ ಸೇರ್ಬೇಕು ಅಂದ್ರು. ಮಾತಾಡ್ತಾ ನಿಮ್ಮ ಈ ಬೀದಿ ತುದೀವರೆಗೂ ನನ್ನ ಜೊತೇಲೇ ಬಂದ್ರು." ಪೋಲಿ ಅದನ್ನು ಮೂಸಿ ಹೊಲಿಗೆ ಯಂತ್ರದಡಿ ಸೇರಿಕೊಂಡಿದೆ. ಆ ಮನೆಯಲ್ಲೂ ಬಾರು ಕಂಡರೆ ಹೀಗೇ ಮೂಲೆ ಸೇರುತ್ತಿತ್ತು. ಯಜಮಾನಿ ಹಿಂಬಾಗಿಲಿಗೆ ಕಾರು ತರಿಸುತ್ತಿದ್ದಾರೆ. ಎಲ್ಲಿಗೆಂದು ನಿನಗೂ ಬರೆಯುವುದಿಲ್ಲ. ಆ ಬಾರಿನಿಂದ ಪೋಲಿಗೆ ಒಂದೇ ಒಂದು ಏಟೂ ಬಿದ್ದಿಲ್ಲ ಅಕ್ಕಾ. ಇದೊಂದನ್ನು ಮಾತ್ರ ನಿನಗೆ ಹೇಳಿರಲಿಲ್ಲ.