ಜಿಂಕೆ ಚರ್ಮದ ಅಂಚು

ಸಕಾತ,
೧೮ ನವೆಂಬರ್ ೨೦೦೭, ಭಾನುವಾರ

ರೆಕಾರ್ಡ್ ಕೇಳಿಸುವ ನಮ್ಮ ಕಾಫಿ ಅಂಗಡಿಯ ಮಾಸ್ಟರಿಗೆ, ಅಂದರೆ ನಿಮಗೆ,

ನಿಮ್ಮ ಕಿಯೊ ಅಕ್ಕನ ಮನೆಯಲ್ಲಿ ಆರಾಮವಾಗಿದ್ದೀರಿ ಎಂದುಕೊಂಡಿದ್ದೇನೆ. ಈ ಪತ್ರದ ಜೊತೆಗೇ ಒಂದು ಪೆಟ್ಟಿಗೆ ಕಾಕಿ ಹಣ್ಣು ಕಳಿಸುತ್ತಿದ್ದೇನೆ. ಸಾರಾಯಿ ಚಿಮುಕಿಸಿ, ಚೀಲದಲ್ಲಿ ಬಿಗಿಯಾಗಿ ಕಟ್ಟಿಟ್ಟು ಒಗರು ತೆಗೆದಿದ್ದೇನೆ. ಆದರೂ ಮೊದಲ ಹಣ್ಣನ್ನು ಅಕ್ಕನೇ ಕಚ್ಚಿ ನೋಡಲಿ. ಅವರ ನಾಲಗೆ ನಿಮ್ಮದಕ್ಕಿಂತ ಗಟ್ಟಿ, ಅದನ್ನು ಮದುವೆಯಾದ ವರ್ಷವೇ ನೋಡಿದ್ದೇನೆ.

ಇಲ್ಲಿ ಸಮುದ್ರದ ಗಾಳಿ ಶುರುವಾಗಿದೆ. ಹಿಮ ಇನ್ನೂ ಬಿದ್ದಿಲ್ಲ. ಅಂಗಡಿಯ ಬಾಗಿಲಿಗೆ ನೀವು ಅಂಟಿಸಿಹೋದ ಚೀಟಿ ಹಾಗೇ ಇದೆ. 'ಶಬ್ದ ಸರಿಹೋಗುವ ತನಕ ಮುಚ್ಚಿದೆ' ಎಂಬ ಆ ಅಕ್ಷರಗಳು ಮಾತ್ರ ಬಿಸಿಲಿಗೆ ಮಾಸಿವೆ. ದಿನಾ ಬೆಳಿಗ್ಗೆ ಒಳಗೆ ಹೋಗಿ ಕಪ್ಪುಗಳನ್ನು ತೊಳೆಯುತ್ತೇನೆ. ಯಾರೂ ಕುಡಿಯದ ಕಪ್ಪುಗಳು. ನಿಮ್ಮ ಎರಡು ಸ್ಪೀಕರ್ ಪೆಟ್ಟಿಗೆಗಳನ್ನೂ ಒರೆಸುತ್ತೇನೆ. ಮದುವೆಗೆ ಮೊದಲೇ ನಿಮ್ಮ ಮನೆಯಲ್ಲಿದ್ದವು ಅಂತ ನಾನು ಅವನ್ನು ಸವತಿಯರು ಎನ್ನುತ್ತಿದ್ದೆನಲ್ಲ, ಈಗ ಮೂವರನ್ನೂ ಒಟ್ಟಿಗೇ ಬಿಟ್ಟುಹೋಗಿದ್ದೀರಿ. ಜಗಳವಿಲ್ಲದೆ ಇದ್ದೇವೆ.

ನನಗೆ ಏನೂ ಅನ್ನಿಸುತ್ತಿಲ್ಲ. ಸಿಟ್ಟೂ ಇಲ್ಲ, ದುಃಖವೂ ಇಲ್ಲ. ಹಲ್ಲಿನ ಡಾಕ್ಟರು ಚುಚ್ಚಿದ ಮೇಲೆ ಒಸಡು ಇರುತ್ತದಲ್ಲ, ಹಾಗಿದ್ದೇನೆ. ಊಟ ಮಾಡುತ್ತೇನೆ, ರುಚಿ ಗೊತ್ತಾಗುವುದಿಲ್ಲ.

ಮಂಗಳವಾರ ಟೋಕಿಯೊದ ಆ ರಿಪೇರಿಯವರು ಫೋನ್ ಮಾಡಿದ್ದರು. ನೀವು ಹೇಳಿದಂತೆ ಈ ತಿಂಗಳ ಕೊನೆಗೆ ಬರುತ್ತಾರಂತೆ. ನಿಮ್ಮ ಗೆಳೆಯ ಹನಾವಾ ಕೂರಿಸಿದ ಚರ್ಮದ ಅಂಚನ್ನು ಕಿತ್ತುಹಾಕಿ, ಒಳಗಿನ ಕೆಪಾಸಿಟರುಗಳನ್ನೆಲ್ಲ ತೆಗೆದು, ಎಲ್ಲ ಹೊಸದಾಗಿ ಮಾಡುತ್ತಾರಂತೆ. ಬೇಡ, ಬರಬೇಡಿ ಎಂದುಬಿಟ್ಟೆ. ಯಾಕೆ ಅಂದರು. ಪೆಟ್ಟಿಗೆಗಳು ಚೆನ್ನಾಗಿಯೇ ಇವೆ ಎಂದೆ. ಅಂಗಡಿಯ ವಿಷಯದಲ್ಲಿ ನಿಮ್ಮನ್ನು ಕೇಳದೆ ನಾನು ಮಾಡಿದ ಮೊದಲ ಕೆಲಸ ಇದು. ಯಾಕೆ ಮಾಡಿದೆ ಎಂದು ಹೇಳಬೇಕು. ಅದಕ್ಕಾಗಿ ನಿಮಗೆ ಗೊತ್ತಿರುವುದನ್ನೇ ಮೊದಲಿಂದ ಬರೆಯುತ್ತೇನೆ. ನೀವು ಅದನ್ನು ಒಂದು ರೀತಿ ನೆನಪಿಟ್ಟುಕೊಂಡಿದ್ದೀರಿ, ನಾನು ಇನ್ನೊಂದು ರೀತಿ.

ವಸಂತದಲ್ಲಿ ಎಡಗಡೆ ಪೆಟ್ಟಿಗೆ ಬರಬರ ಅನ್ನತೊಡಗಿತು. ಮುಂದಿನ ಬಟ್ಟೆ ತೆಗೆದು ನೋಡಿದರೆ, ದೊಡ್ಡ ಕಾಗದದ ಕೋನಿನ ಸುತ್ತ ಇದ್ದ ಫೋಮಿನ ಅಂಚು ಹಳೇ ರೊಟ್ಟಿಯಂತೆ ಪುಡಿಪುಡಿಯಾಗಿ ಉದುರಿತು. ತ್ಸುರುವೊಕದಿಂದ ಹನಾವಾ ಬಂದರು. ನಿಮ್ಮಿಬ್ಬರನ್ನೂ ನೋಡಬೇಕಿತ್ತು. ಹೈಸ್ಕೂಲಿನಲ್ಲಿ ರೇಡಿಯೊ ಬಿಚ್ಚಿ ಹಾಕಿ ಒಟ್ಟಿಗೆ ಬೈಸಿಕೊಂಡವರು, ನೆಲದ ಮೇಲೆ ಬೋರಲು ಮಲಗಿ ಅದೇ ಹುಡುಗರ ಹಾಗೆ ಪೆಟ್ಟಿಗೆಯೊಳಗೆ ತಲೆ ತೂರಿಸಿದ್ದಿರಿ. ಮತ್ತೆ ಫೋಮೇ ಹಾಕಿದರೆ ಹತ್ತು ವರ್ಷಕ್ಕೆ ಇದೇ ಗತಿ, ಜಿಂಕೆ ಚರ್ಮ ಹಾಕಿದರೆ ನಮ್ಮಿಬ್ಬರಿಗಿಂತ ಹೆಚ್ಚು ಕಾಲ ಬಾಳುತ್ತದೆ ಎಂದು ಹನಾವಾ ಹೇಳಿದರು. ಚರ್ಮವನ್ನು ಅವರೇ ಕೆರೆದು ತೆಳುವಾಗಿಸಿದರು. ಆ ನೆಪದಲ್ಲಿ ಒಣಗಿದ ಕೆಪಾಸಿಟರುಗಳನ್ನೂ ಬದಲಾಯಿಸಿದರು, ಮೇಲಿನ ಸ್ವರ ಹೊರಡಿಸುವ ಹಾರ್ನನ್ನೂ ಬಿಚ್ಚಿ ತೊಳೆದರು, ಅದರ ಶಬ್ದ ಏರಿಸಿ ಇಳಿಸುವ ಹಳೇ ಗುಂಡಿ ಕರಕರ ಅನ್ನುತ್ತದೆಂದು ಹೊಸ ಗುಂಡಿ ಕೂರಿಸಿದರು.

ಹೊಸ ಚರ್ಮ ಸಡಿಲವಾಗಬೇಕು ಎಂದು ಬಾಗಿಲು ಹಾಕಿಕೊಂಡು ಖಾಲಿ ಕುರ್ಚಿಗಳಿಗೆ ರೆಕಾರ್ಡ್ ಕೇಳಿಸುತ್ತ ಕೂತಿರಿ. ಮೇ ಕೊನೆಯಲ್ಲಿ ಬಾಗಿಲು ತೆರೆದ ದಿನ, ಮೊದಲ ರೆಕಾರ್ಡು ಮುಗಿಯುವ ಮೊದಲೇ ಎದ್ದು ನಿಂತು ನೀವು ಅಂದ ಮಾತು ನನಗೆ ನೆನಪಿದೆ. "ಏನೋ ಹನಾವಾ ಇದು? ತಾಳದ ಕಿಣಿಕಿಣಿ ಎಲ್ಲೋಯ್ತು? ಕಂಬಳಿ ಹೊದಿಸಿದಂಗೆ ಇದೆಯಲ್ಲೋ!"

ಹನಾವಾ ಹಾರ್ನಿನ ಗುಂಡಿಯನ್ನು ಸ್ವಲ್ಪ ಏರಿಸಿದರು. ಇನ್ನೂ ಸ್ವಲ್ಪ ಅಂದಿರಿ. ಆಮೇಲೆ ನೀವೇ ಏರಿಸಿದಿರಿ. ಮಾರನೆ ವಾರ ಇನ್ನಷ್ಟು. ಕೆಪಾಸಿಟರ್ ಬದಲಾಯಿಸಿ ಅಂದಿರಿ, ಅವರು ಬದಲಾಯಿಸಿದರು. ಬೇರೆ ಕಂಪನಿಯದು ಹಾಕಿ ಅಂದಿರಿ, ಹಾಕಿದರು. ಹಾರ್ನಿನ ಹಿಂದಿನ ತೆಳು ತಗಡನ್ನೂ ಬದಲಾಯಿಸಿದರು. ಪ್ರತಿ ಸಲವೂ ನೀವು ಕಣ್ಣು ಮುಚ್ಚಿ ಕೇಳಿ, ಕೊನೆಗೆ ತಲೆ ಅಲ್ಲಾಡಿಸುತ್ತಿದ್ದಿರಿ. ಗುಂಡಿ ತಿರುಗುವಷ್ಟೂ ತಿರುಗಿ ಕೊನೆಗೆ ಬಂದು ನಿಂತಿತ್ತು.

ಈಗ ನಿಮಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ನೀವು ರೆಕಾರ್ಡ್ ಹಾಕುವ ಮೂಲೆಯಿಂದ ಗಿರಾಕಿಗಳ ಬೆನ್ನಷ್ಟೇ ಕಾಣುತ್ತದೆ. ಕೌಂಟರಿನ ಹಿಂದೆ ನಿಂತವಳಿಗೆ ಮುಖ ಕಾಣುತ್ತದೆ. ಸ್ಪೀಕರಿನ ಎದುರಿನ ಸಾಲಿಗೆ ಮೊದಲು ನಾ ಮುಂದು ತಾ ಮುಂದು ಎಂದು ಬರುತ್ತಿದ್ದವರು ಒಬ್ಬೊಬ್ಬರೇ ಹಿಂದೆ ಸರಿದರು. ಜೂನ್ ಹೊತ್ತಿಗೆ ಮುಂದಿನ ಸಾಲು ಪೂರ್ತಿ ಖಾಲಿ. ತುತ್ತೂರಿ ಬಂದಾಗ ದವಡೆ ಬಿಗಿಹಿಡಿಯುತ್ತಿದ್ದರು. ಮೀನು ಮಾರ್ಕೆಟ್ಟಿನಲ್ಲಿ ಹರಾಜು ಕೂಗಿ ಕೂಗಿ ನಿವೃತ್ತರಾದ ನಮ್ಮ ಇಗರಾಶಿ, ಯಾವ ಗದ್ದಲಕ್ಕೂ ಅಲುಗದ ಮನುಷ್ಯ, ಜೇಬಿನಿಂದ ಹತ್ತಿ ತೆಗೆದು ಉಂಡೆ ಮಾಡಿ ಕಿವಿಗೆ ತುರುಕಿಕೊಂಡರು. ನನ್ನ ಕಣ್ಣಿಗೆ ಬಿದ್ದಾಗ ತಲೆ ತಗ್ಗಿಸಿದರು.

ಒಂದು ದಿನ ಹೊರಗೆ ಕಸ ಹಾಕಲು ಹೋದಾಗ ಸಿಕ್ಕಿದರು. ಮಾಸ್ಟರಿಗೆ ನೀವೇ ಒಂದು ಮಾತು ಹೇಳಬಾರದೇ ಎಂದು ಕೇಳಿದೆ. "ಅಯ್ಯೋ ಅತ್ತಿಗೆ, ಅಡಿಗೆ ಮಾಡಿದವರ ಎದುರಿಗೆ ಉಪ್ಪು ಜಾಸ್ತಿ ಅನ್ನೋಕಾಗುತ್ತಾ? ಆ ಶಬ್ದ ಮಾಸ್ಟರ್‌ದು. ನಾವು ಕಾಫಿ ಕುಡಿಯೋರು ಅಷ್ಟೇ" ಎಂದರು. ನಮ್ಮಂಥ ಅಂಗಡಿಗಳ ಪದ್ಧತಿಯೇ ಅದಲ್ಲವೇ. ಹಾಡು ಇಷ್ಟವಾಗಲಿಲ್ಲ ಎನ್ನಬಹುದು, ಕಾಫಿ ತಣ್ಣಗಿದೆ ಎನ್ನಬಹುದು. ಮಾಸ್ಟರ ಶಬ್ದದ ಬಗ್ಗೆ ಮಾತಾಡುವವರು ಅಂಗಡಿಗೆ ಬರುವುದನ್ನು ನಿಲ್ಲಿಸಿ ತಿಳಿಸಬೇಕು, ಬಾಯಿಂದ ಅಲ್ಲ. ನೀವೇ ಈ ಊರಿಗೆ ಕಲಿಸಿದ ಮರ್ಯಾದೆ ಅದು. ರೆಕಾರ್ಡ್ ನಡೆಯುವಾಗ ಸಕ್ಕರೆ ಕಲಕಿದವನನ್ನು ಹೊರಗೆ ಕಳಿಸಿದವರು ನೀವು.

ಆಗಸ್ಟಿನ ಕೊನೆಯಲ್ಲಿ ಇಗರಾಶಿ ಜೀರುಂಡೆಯಂತೆ ಕೂಗುವ ಸುಜುಮುಶಿ ಹುಳ ಒಂದು ಪೆಟ್ಟಿಗೆ ತಂದು ಕೌಂಟರಿನ ಮೇಲಿಟ್ಟರು. ಮೊಮ್ಮಗಳು ಸಾಕಿದ್ದು, ಮರಿ ಜಾಸ್ತಿಯಾಯಿತು, ಸೆಕೆಯಲ್ಲಿ ತಂಪಾಗಿ ಕೇಳಿಸುತ್ತದೆ ಅಂತ. ಆ ಮಧ್ಯಾಹ್ನ ಹಿಂದಿನ ಸಾಲು ತುಂಬಿತ್ತು. ರೆಕಾರ್ಡಿನ ಒಂದು ಮಗ್ಗುಲು ಮುಗಿದು ನೀವು ಸೂಜಿ ಎತ್ತಿದ ಕೂಡಲೇ ಹುಳಗಳು ಶುರುಮಾಡಿದವು. ಎಷ್ಟು ಗೆಜ್ಜೆಗಳನ್ನು ಒಟ್ಟಿಗೆ ಅಲ್ಲಾಡಿಸಿದರೋ ಅನ್ನುವ ಹಾಗೆ. ಎಲ್ಲರೂ ನಕ್ಕರು. ಬಹಳ ದಿನಗಳ ಮೇಲೆ ಆ ಅಂಗಡಿಯಲ್ಲಿ ಜನ ನಕ್ಕಿದ್ದು.

ನೀವು ರೆಕಾರ್ಡ್ ಹಿಡಿದುಕೊಂಡೇ ಬಂದಿರಿ. ಪೆಟ್ಟಿಗೆಯೊಳಗೆ ಬಗ್ಗಿ ನೋಡಿದಿರಿ. ಅವು ಕೂಗುತ್ತಲೇ ಇದ್ದವು, ನಿಮ್ಮ ಮೂಗಿನ ಕೆಳಗೇ. "ಏನಪ್ಪಾ ಇಗರಾಶಿ, ನಿನ್ನ ಹುಳ ಸತ್ತೋದ್ವಾ? ಒಂದು ಸದ್ದೂ ಇಲ್ವಲ್ಲ" ಅಂದಿರಿ.

ಇಗರಾಶಿ ಎದ್ದು ಬಂದು ಪೆಟ್ಟಿಗೆಯ ಮೇಲೆ ಕೈವಸ್ತ್ರ ಹೊದಿಸಿದರು. "ಹೌದು ಮಾಸ್ಟರ್, ಸತ್ತಿರ್ಬೇಕು. ತಿನ್ನೋಕೆ ಬದನೆಕಾಯಿ ಹಾಕೋದು ಮರೆತುಬಿಟ್ಟೆ" ಎಂದು, ಕೂಗುತ್ತಿದ್ದ ಹುಳಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದರು. ಬೀದಿಯ ತಿರುವಿನವರೆಗೂ ಆ ಸದ್ದು ನನಗೆ ಕೇಳಿಸುತ್ತಿತ್ತು. ನೀವು ಎರಡನೇ ಮಗ್ಗುಲು ಹಾಕಿದಿರಿ.

ಎಲ್ಲರಿಗೂ ತಿಳಿದದ್ದು ಆವತ್ತು. ತಿಳಿದ ಮೇಲೂ ಯಾರೂ ಹೇಳಲಿಲ್ಲ.

ಸೆಪ್ಟೆಂಬರಿನಲ್ಲಿ ನೀವು ಸುತ್ತಲ ಊರುಗಳ ರೆಕಾರ್ಡ್ ಕೇಳುಗರ ಸಂಘದ ಎದುರಿಗೇ ಹನಾವಾ ಅವರನ್ನು ನಿಲ್ಲಿಸಿಕೊಂಡಿರಿ. "ಇವನ ಕಿವಿ ಸತ್ತೋಗಿದೆ. ನನ್ನ ಸ್ಪೀಕರ್ ಕೊಂದು ಹಾಕ್ದ. ಇನ್ಮೇಲೆ ಇವನಿಗೆ ಯಾರೂ ರಿಪೇರಿಗೆ ಏನೂ ಕೊಡ್ಬೇಡಿ" ಅಂದಿರಿ. ಅಲ್ಲಿದ್ದವರಲ್ಲಿ ಅರ್ಧ ಜನ ಆ ಹುಳಗಳ ಕೂಗು ಕೇಳಿದವರು. ನೆಲ ನೋಡುತ್ತ ಕೂತರು. ಹನಾವಾ ಎದ್ದು ನಿಂತು ಪೂರ್ತಿ ಬಗ್ಗಿ ನಮಸ್ಕರಿಸಿ, ವಯಸ್ಸಾಯಿತು, ನನ್ನ ಕೈ ತಪ್ಪಿತು ಎಂದರು. ನಾನು ಟೀ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ತಟ್ಟೆ ಇಟ್ಟು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಮಾರನೆ ದಿನ ನೀವು ಚೀಟಿ ಅಂಟಿಸಿ ರೈಲು ಹತ್ತಿದಿರಿ.

ಕಳೆದ ವಾರ ತ್ಸುರುವೊಕಕ್ಕೆ ಹೋಗಿದ್ದೆ. ಹನಾವಾ ಅವರ ಷೆಡ್ಡಿನ ಬೋರ್ಡು ಇಲ್ಲ. ಒಳಗೆ ಬೆಂಚು ಖಾಲಿ. ಸಾಮಾನೆಲ್ಲ ಹಣ್ಣಿನ ಬುಟ್ಟಿಗಳ ಹಿಂದೆ ಸರಿಸಿದ್ದಾರೆ. ಸಂಘದ ಮಾತು ಊರೂರು ಸುತ್ತಿದೆ, ರಿಪೇರಿಗೆ ಯಾರೂ ಬರುತ್ತಿಲ್ಲ. ಅವರು ಮರ ಹತ್ತಿ ಕಾಕಿ ಕೀಳುತ್ತಿದ್ದರು. ನಿಮಗೆ ಕಳಿಸಿರುವ ಹಣ್ಣು ಅವರ ತೋಟದ್ದೇ.

ನಮ್ಮವರ ಕಿವಿ ಹೋಗಿದೆ ಅಂತ ನಿಮಗೆ ಮೊದಲೇ ಗೊತ್ತಿತ್ತಲ್ಲವೇ ಎಂದು ಅವರನ್ನು ಕೇಳಿದೆ. ಅವರು ಏಣಿಯಿಂದ ಇಳಿಯಲೇ ಇಲ್ಲ. ಎರಡನೇ ಸಲ ಕೆಪಾಸಿಟರ್ ಬದಲಾಯಿಸಿದಾಗಲೇ ಗೊತ್ತಾಯಿತು ಎಂದರು. ಆ ಸಲ ಅವರು ಏನನ್ನೂ ಬದಲಾಯಿಸಿರಲಿಲ್ಲವಂತೆ. ಹಳೆಯದನ್ನೇ ತೆಗೆದು ಒರೆಸಿ ಹಾಕಿ, ಈಗ ಹೇಗಿದೆ ಎಂದು ಕೇಳಿದರಂತೆ. ನೀವು, ಹೋದ ಸಲಕ್ಕಿಂತ ಕೆಟ್ಟದಾಗಿದೆ ಅಂದಿರಂತೆ.

ಹಾಗಿದ್ದರೆ ಸಂಘದಲ್ಲಿ ಯಾಕೆ ತಲೆಬಾಗಿದಿರಿ ಎಂದೆ. "ಹೋಗ್ಲಿ ಬಿಡಿ ಅತ್ತಿಗೆ. ಕಿವುಡ ಅನ್ನೋ ಹೆಸರು ನಂಗೇ ಇರ್ಲಿ. ನಂಗಾದ್ರೆ ಮರಗಳಿವೆ. ಅವನಿಗೆ ಕಿವಿ ಬಿಟ್ರೆ ಬೇರೇನಿದೆ?" ಎಂದರು. ಇನ್ನೊಂದು ಹಣ್ಣು ಕಿತ್ತು ಬುಟ್ಟಿಗೆ ಹಾಕಿ, "ನೀವಿದ್ದೀರಿ ಅನ್ನಿ" ಎಂದು ಸೇರಿಸಿದರು. ಮರ್ಯಾದೆಗೆ ಸೇರಿಸಿದ್ದು. ಇಬ್ಬರಿಗೂ ಗೊತ್ತಿತ್ತು, ನಗು ಬಂತು.

ಅದಕ್ಕೇ ಟೋಕಿಯೊದವರನ್ನು ಬೇಡ ಎಂದೆ. ಪೆಟ್ಟಿಗೆಗಳು ಸತ್ತಿಲ್ಲ. ಹನಾವಾ ತಪ್ಪು ಮಾಡಿಲ್ಲ. ನಿಮಗೆ ಮೇಲಿನ ಸ್ವರಗಳು ಕೇಳಿಸುತ್ತಿಲ್ಲ. ಬರೆದಾಯಿತು. ಈ ಒಂದು ಸಾಲಿಗೆ ಇಷ್ಟು ದಿನ ಹಿಡಿಯಿತು.

ನೀವು ಈ ಪತ್ರವನ್ನು ಹರಿಯಬಹುದು. ಅಕ್ಕನ ಎದುರು ನನ್ನನ್ನು ಬೈಯಬಹುದು. ಬೈದಾದ ಮೇಲೆ ಅಡುಗೆಮನೆಗೆ ಹೋಗಿ, ಅನ್ನ ಆದಾಗ ಕರೆಂಟಿನ ಕುಕ್ಕರು ಸಣ್ಣಗೆ ಪೀಂ ಅನ್ನುತ್ತದಲ್ಲ, ಅದು ನಿಮಗೆ ಕೇಳಿಸುತ್ತದೆಯೇ ನೋಡಿ. ಅಕ್ಕ ಮೊನ್ನೆ ಫೋನಿನಲ್ಲಿ, ಪಕ್ಕದಲ್ಲೇ ಕೂತಿದ್ದರೂ ಎದ್ದು ಹೋಗಿ ಆರಿಸುವುದಿಲ್ಲ, ಸೋಮಾರಿ ಎಂದು ದೂರುತ್ತಿದ್ದರು. ನೀವು ಸೋಮಾರಿಯಲ್ಲ ಎಂದು ನಾನು ಹೇಳಿದೆ. ಇನ್ನೇನೂ ಹೇಳಲಿಲ್ಲ.

ಹಾರ್ನಿನ ಗುಂಡಿಯನ್ನು ಹನಾವಾ ಮೊದಲು ಇಟ್ಟಿದ್ದ ಜಾಗಕ್ಕೇ ತಂದು ಇಟ್ಟಿದ್ದೇನೆ. ನಿನ್ನೆ ಒಂದು ರೆಕಾರ್ಡ್ ಹಾಕಿ, ಮುಂದಿನ ಸಾಲಿನಲ್ಲಿ ಕೂತು ಕೇಳಿದೆ. ಇಷ್ಟು ವರ್ಷದಲ್ಲಿ ಆ ಕುರ್ಚಿಯಲ್ಲಿ ನಾನು ಕೂತದ್ದೇ ಇಲ್ಲ. ಚೆನ್ನಾಗಿತ್ತು. ಚೆನ್ನಾಗಿದೆ ಎಂದು ತಿಳಿಯಿತು, ಅಷ್ಟೇ. ಒಳಗೆ ಏನೂ ಆಗಲಿಲ್ಲ. ಕೆಳಗಿನ ಸ್ವರಗಳು ಮಾತ್ರ ಕಾಲಿನಿಂದ ಹತ್ತಿ ಎದೆಗೆ ಬಂದವು. ಅವು ನಿಮಗೆ ಇನ್ನೂ ಇವೆ. ಉಳಿದದ್ದಕ್ಕೆ ಕಿವಿಗೆ ಯಂತ್ರ ಸಿಗುತ್ತದೆ, ಅದು ಶಬ್ದವನ್ನು ಕೆಡಿಸುತ್ತದೆ ಅನ್ನುತ್ತೀರಿ, ಅನ್ನಿ. ಮನೆಯಲ್ಲಿ ಕೂತು ಅನ್ನಿ.

ನೀವು ಬರಬೇಕು. ಆದರೆ ನಿಮ್ಮ ರೈಲು ಸಕಾತಕ್ಕೆ ಮೊದಲು ತ್ಸುರುವೊಕದಲ್ಲಿ ನಿಲ್ಲುತ್ತದೆ. ಅಲ್ಲಿ ಇಳಿಯಿರಿ. ಹನಾವಾ ಅವರ ಬಳಿ ಹೋಗಿ, ಅವರು ಸಂಘದಲ್ಲಿ ಎಷ್ಟು ಬಗ್ಗಿದರೋ ಅಷ್ಟು ಬಗ್ಗಿ. ಆಮೇಲೆ ಅವರನ್ನು ಕರೆದುಕೊಂಡು ಸಂಘಕ್ಕೆ ಹೋಗಿ, ನಿಮ್ಮ ಬಾಯಿಂದಲೇ ಹೇಳಿ. ಅದು ಆಗದಿದ್ದರೆ ಮುಂದಿನ ರೈಲು ಹತ್ತಬೇಡಿ. ನಾನು ಬಾಗಿಲು ತೆರೆಯುವುದಿಲ್ಲ. ಇದನ್ನು ಕೋಪದಿಂದ ಬರೆಯುತ್ತಿಲ್ಲ. ಕೋಪ ಇದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ದಪ್ಪ ಕೋಟು ಅಕ್ಕನ ಮನೆಗೆ ಒಯ್ದಿಲ್ಲ ನೀವು. ಹಣ್ಣಿನ ಪೆಟ್ಟಿಗೆಯ ಅಡಿಯಲ್ಲಿ ಇಟ್ಟಿದ್ದೇನೆ.

ಅಂಗಡಿಯಲ್ಲಿ ಇರುವ,
ಮಿತ್ಸುಯೊ

ಮರೆತ ಮಾತು: ಜೂನಿನ ಮಳೆಯಲ್ಲಿ, ತಂಗಿಯ ಮನೆಗೆ ಹೋಗುತ್ತೇನೆ ಎಂದು ಒಂದು ದಿನ ಹೊರಟಿದ್ದೆನಲ್ಲ, ಅಲ್ಲಿಗೆ ಹೋಗಲಿಲ್ಲ. ಕಿವಿಯ ಡಾಕ್ಟರ ಬಳಿ ಹೋಗಿದ್ದೆ. ನಿಮಗೆ ಮಂದ ಅನ್ನಿಸಿದ್ದು ನನಗೆ ಚುಚ್ಚುತ್ತಿತ್ತು. ಇಬ್ಬರಲ್ಲಿ ಒಬ್ಬರ ಕಿವಿ ಕೆಟ್ಟಿದೆ ಎಂದು ಆಗಲೇ ಅನ್ನಿಸಿ, ಅದು ನನ್ನದೇ ಆಗಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡಿದ್ದೆ. ಡಾಕ್ಟರು ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಎಂದರು. ಕೆಲವು ಸಲ ಕೇಳಿಸಿದರೂ ಒತ್ತದೆ ಕೂತೆ. ಅವರಿಗೆ ಗೊತ್ತಾಗಿಹೋಯಿತು, ಮತ್ತೆ ಪರೀಕ್ಷೆ ಮಾಡಿದರು. ಕೊನೆಗೆ ನಗುತ್ತ, "ಏನೂ ಆಗಿಲ್ಲ ಅಮ್ಮಾ, ಹುಡುಗಿಯ ಕಿವಿ ಇದ್ದಂಗಿದೆ ನಿಮ್ಮದು" ಎಂದರು. ಬಸ್ ನಿಲ್ದಾಣದಲ್ಲಿ ಕೂತು ಅತ್ತೆ. ಎರಡು ಬಸ್ಸು ಬಂದು ಹೋದವು. ಆವತ್ತು ಅತ್ತದ್ದೇ ಕೊನೆ.