ಒಂದೇ ಉದ್ದ ಸೀಟಿ

ಅಪ್ಪ,

ಸಾರಿ. ನಿನ್ನನ್ನು ಮಣ್ಣು ಮಾಡಿ ಬಂದಮೇಲೂ ನಿನಗೇ ಬರೆಯುತ್ತಿದ್ದೇನೆ. ಹಾಸ್ಟೆಲಿನಲ್ಲಿ ಯಾರಿಗೆ ಹೇಳಿದರೂ ಇದು ಅರ್ಥವಾಗುವುದಿಲ್ಲ.

ಕಾಲೇಜಿನ ಟರ್ಮ್ ಮುಗಿಸಿ ನಾರ್ಫಕ್‌ನ ನಮ್ಮ ಮನೆಗೆ ಬಂದೆ. ನೀನು ಅರ್ಧ ಪಳಗಿಸಿ ಬಿಟ್ಟುಹೋದ ಬೇಟೆನಾಯಿ ಬ್ರ್ಯಾಂಬಲ್‌ಗೆ ಈಗ ಡೆಸ್ಮಂಡ್ ಚಿಕ್ಕಪ್ಪನೇ ಗುರು. ಇವತ್ತು ಅವನು ಗುಂಡು ಹೊಡೆದು ಕೆಡವಿದ ಬಾತುಕೋಳಿಯನ್ನು ಅವಳು ನೀರಿನಿಂದ ತಂದಾಗ, ಅದರ ಪಕ್ಕೆಲುಬನ್ನು ಅವನು ಬೆರಳಲ್ಲಿ ಒತ್ತಿ ನೋಡಿದ. ಪುಡಿಯಾಗಿತ್ತು.

"ಹಕ್ಕೀನ ಹೂವಿನ ಥರ ತರ್ಬೇಕು, ಅಗಿದು ತಂದಿದೀಯಲ್ಲೇ ದರಿದ್ರದವಳೇ!" ಎಂದು ಹಗ್ಗದಿಂದ ಮುಖಕ್ಕೆ ಬಾರಿಸಿದ. ಮೂತಿಯಿಂದ ರಕ್ತ ಇಳಿಯಿತು. ಅವಳು ಅವನ ಕೈ ಕಚ್ಚಿ, ಬಿಡಿಸಿಕೊಂಡು ಓಡಿದಳು. ಅವನು ಬಂದೂಕು ಎತ್ತಿದ.

"ಬೇಡ ಚಿಕ್ಕಪ್ಪಾ, ನಾನು ಕರೀತೀನಿ!"

"ಕರಿಯೋ ಪಂಡಿತ. ಕಾಲೇಜಲ್ಲಿ ಅದನ್ನೂ ಕಲಿಸ್ತಾರಾ?"

ನಿನ್ನ ಸೀಟಿ ನನ್ನ ಕೊರಳಲ್ಲೇ ಇತ್ತು. ಬಾ ಅನ್ನಲು ಚಿಕ್ಕ ಚಿಕ್ಕದಾಗಿ ಊದಬೇಕು, ಕೂರು ಅನ್ನಲು ಒಂದೇ ಉದ್ದ. ಗಾಬರಿಯಲ್ಲಿ ನನ್ನ ಉಸಿರೆಲ್ಲ ಒಟ್ಟಿಗೇ, ಒಂದೇ ಉದ್ದ ಸೀಟಿಯಾಗಿ ಹೊರಬಂತು. ನೀನಿದ್ದಾಗ ಒಮ್ಮೆಯೂ ಮಾತು ಕೇಳದ ಬ್ರ್ಯಾಂಬಲ್ ಥಟ್ಟನೆ ಕೂತಳು. ತಿರುಗಿ ನನ್ನನ್ನೇ ನೋಡಿ ಬಾಲ ಆಡಿಸಿದಳು. ಗುಂಡು ಅವಳ ಎದೆಯನ್ನು ಸೀಳಿತು.

"ನಿಮ್ಮಪ್ಪ ಚೆನ್ನಾಗೇ ಕಲಿಸಿದಾನೆ ಕಣೋ," ಎಂದ ಚಿಕ್ಕಪ್ಪ, ಕಚ್ಚಿದ ಕೈಗೆ ಬಟ್ಟೆ ಸುತ್ತಿಕೊಳ್ಳುತ್ತ.

ಅವಳನ್ನು ನನ್ನ ಸ್ವೆಟರಿನಲ್ಲಿ ಸುತ್ತಿ ಹೂಳಿದೆ. ಅವಳ ಮೈ ಇನ್ನೂ ಬಿಸಿಯಿತ್ತು.

ಓಡಿಹೋಗು ಅನ್ನುವುದಕ್ಕೆ ಸೀಟಿ ಹೇಗೆ ಊದಬೇಕು ಅಪ್ಪ? ಅದೊಂದನ್ನು ನೀನು ಹೇಳಿಕೊಡಲೇ ಇಲ್ಲ. ಬೇಗ ಉತ್ತರ ಬರೆ.