ನಾದಿನಿಗೊಂದು ಬಾಗಿನ

ಬಸವನಗುಡಿ
17 ಆಗಸ್ಟ್ 1998

ಮುದ್ದಿನ ನಾದಿನಿ ಅಕ್ಷಯಾ,

ನಿನ್ನ ಹೊಸ ಅತ್ತಿಗೆ ಆರಾಧನಾಳ ಪ್ರೀತಿಯ ನೆನಪುಗಳು. ಮದುವೆಯಾಗಿ ಎರಡು ತಿಂಗಳು ದಾಟಿದರೂ ಒಂದು ಸಾಲು ಬರೆಯಲಿಲ್ಲ ಎಂದು ಬೈಯಬೇಡ. ತಪ್ಪು ನನ್ನದಲ್ಲ, ಆಷಾಢದ್ದು! ಸೂಟ್‌ಕೇಸ್ ಬಿಚ್ಚುವಷ್ಟರಲ್ಲಿ, ಅತ್ತೆ ಸೊಸೆ ಒಂದೇ ಹೊಸಲು ದಾಟಬಾರದು ಎಂದು ನನ್ನನ್ನು ಚಾಮರಾಜಪೇಟೆಯ ಅಪ್ಪನ ಮನೆಗೆ ಕಳಿಸಿಬಿಟ್ಟರು. ಅಲ್ಲಿಂದ ಇಲ್ಲಿಗೆ ಆಟೋದಲ್ಲಿ ಎಷ್ಟು ದೂರ ಹೇಳು? ನಿಮ್ಮಣ್ಣನ ಸ್ಕೂಟರ್ ಬ್ಯಾಂಕಿನಿಂದ ಬರುವಾಗ ಸರಿಯಾಗಿ ನಮ್ಮ ಮನೆಯ ಮುಂದೆಯೇ ಕೆಟ್ಟು ನಿಲ್ಲುತ್ತಿತ್ತು, ಅದೂ ದಿನಾ! ಕೊನೆಗೆ ನಮ್ಮಪ್ಪ, "ಅಳಿಯಂದ್ರೇ, ಆ ಗಾಡಿ ಮಾರ್ಬಿಡಿ" ಅಂದರು. ಅಭಿರಾಮರ ಮುಖ ಟೊಮ್ಯಾಟೊ ಆಗಿತ್ತು.

ನಿನ್ನ ಸೋದರತ್ತೆ ಜಾನಕಮ್ಮತ್ತೆ, ನೀನೀಗ ಇರುವ ಅವರ ಮನೆಗೆ ಫೋನ್ ಹಾಕಿಸಲು ಬಿಡುವುದಿಲ್ಲವಂತೆ. ಹಾಗಾಗಿ ಬಸವನಗುಡಿಯಿಂದ ಮಲ್ಲೇಶ್ವರಕ್ಕೆ ಕಾಗದ! ಕಾನ್ವೆಂಟಿನವಳ ಕನ್ನಡ, ನಗಬೇಡ.

ನಾನು ಆಷಾಢ ಮುಗಿಸಿ ಬರುವಷ್ಟರಲ್ಲಿ ನೀನು ಆ ಕಡೆ ಹೊರಟುಹೋಗಿದ್ದೆ. ಸೆಕೆಂಡ್ ಪಿಯುಸಿ, ಕಾಲೇಜಿಗೆ ಹತ್ತಿರ ಎಂದು ನಿಮ್ಮಮ್ಮ ಹೇಳಿದರು. ಭಾನುವಾರವಾದರೂ ಬರಬಾರದೇನೇ? ನಾನೇ ಹೋಗಿ ಬರುತ್ತೇನೆ ಎಂದರೆ, "ಓದೋ ಹುಡುಗಿ, ಡಿಸ್ಟರ್ಬ್ ಮಾಡ್ಬೇಡಮ್ಮ" ಅನ್ನುತ್ತಾರೆ. ಒಬ್ಬಳೇ ಕೂತು ಮದುವೆ ಆಲ್ಬಮ್ ತಿರುವುತ್ತೇನೆ. ನನ್ನ ಪಕ್ಕದಲ್ಲಿ ಕಳಶ ಹಿಡಿದು ನಿಂತ ಕಳಶಗಿತ್ತಿ ನೀನು. ನೇರಳೆ ಬಣ್ಣದ ರೇಷ್ಮೆ ಲಂಗ ಎಷ್ಟು ಚೆನ್ನಾಗಿ ಒಪ್ಪಿದೆ! ಆದರೆ ಎಲ್ಲ ಫೋಟೋದಲ್ಲೂ ಮುಖ ಬಾಡಿದೆ. ಉಪವಾಸ ಇದ್ದೆಯೇನೋ ಪಾಪ.

ನಿಜ ಹೇಳಲಾ? ನನಗೆ ಈಗಲೂ ಎಲ್ಲ ಕನಸಿನ ಹಾಗೆ. ಏಪ್ರಿಲ್ ಕೊನೆಯಲ್ಲಿ ನಿಮ್ಮವರು ಹೆಣ್ಣು ನೋಡಿ, "ತಿಳಿಸ್ತೀವಿ" ಎಂದು ಹೋದರು. ಆಮೇಲೆ ಸುದ್ದಿಯೇ ಇಲ್ಲ. ಇದು ಕೈತಪ್ಪಿದ ಹಾಗೇ ಎಂದು ನಮ್ಮಮ್ಮ ಬೇಜಾರು ಮಾಡಿಕೊಂಡಿದ್ದಳು. ಇದ್ದಕ್ಕಿದ್ದಂತೆ ಒಂದು ಸಂಜೆ ಮಾವ ಬಂದು, "ಹುಡುಗಿ ಒಪ್ಪಿಗೆ. ಆದ್ರೆ ಆಷಾಢಕ್ಕೆ ಮುಂಚೆ ಮದುವೆ ಆಗ್ಬೇಕು" ಅಂದರು. ಕಾರ್ತಿಕದಲ್ಲಿ ಮಾಡೋಣ ಎಂದು ಅಪ್ಪ ಎಷ್ಟು ಹೇಳಿದರೂ ಕೇಳಲಿಲ್ಲ. ನಮ್ಮ ಕಡೆಯವರೆಲ್ಲ, "ಏನೇ ಮಾಡಿದೆ ಆ ಹುಡುಗಂಗೆ? ಕಾಯೋಕೇ ಆಗ್ತಿಲ್ವಂತೆ!" ಎಂದು ರೇಗಿಸಿದ್ದೇ ರೇಗಿಸಿದ್ದು. ನಿಮ್ಮಣ್ಣನನ್ನು ಕೇಳಿದರೆ ಸುಮ್ಮನೆ ನಗುತ್ತಾರೆ. ನಾಚಿಕೆ!

ಬರುವ ಸೋಮವಾರ ನನ್ನ ಮೊದಲ ಗೌರಿ ಹಬ್ಬ. ತವರಿನಿಂದ ಮೊರಗಳು ಬಂದು ನಡುಮನೆಯಲ್ಲಿ ಗೋಪುರ ಕಟ್ಟಿವೆ. ಯಾರು ಯಾರಿಗೆ ಬಾಗಿನ ಎಂದು ಅತ್ತೆ ಲೆಕ್ಕ ಹಾಕುತ್ತಿದ್ದಾರೆ. ಎಲ್ಲಕ್ಕಿಂತ ಚಂದದ ಬಳೆ ಹಾಕಿ ನಾದಿನಿಗೂ ಒಂದನ್ನು ನಾನು ಗುಟ್ಟಾಗಿ ತೆಗೆದಿಟ್ಟಿದ್ದೇನೆ. ಹಬ್ಬಕ್ಕೆ ಬರುತ್ತೀ ತಾನೇ?

ನಿನ್ನ ಪ್ರೀತಿಯ ಅತ್ತಿಗೆ,
ಆರಾಧನಾ

ತಾ.ಕ.: ಉತ್ತರ ಬರೆಯದಿದ್ದರೆ ಟೂ!


ಬಸವನಗುಡಿ
29 ಆಗಸ್ಟ್ 1998

ನನ್ನ ಅಕ್ಷಯಾ,

ಹಬ್ಬದ ದಿನ ನಿಮ್ಮಲ್ಲಿ ನೀರನ್ನೂ ಕುಡಿಯದೆ ಓಡಿಬಂದೆ. ಆಮೇಲೆ ಇಷ್ಟು ದಿನ ಮೌನ. ಕ್ಷಮಿಸು. ಸಿಟ್ಟಲ್ಲ, ಖಂಡಿತ ಅಲ್ಲ. ನನಗೆ ಮಾತು ಹೊರಡದೇ ಇರುವುದು ಹೊಸ ಅನುಭವ.

"ಅಣ್ಣ ಅದೃಷ್ಟವಂತ. ಟೆಸ್ಟ್ ಇದೆ, ಹಬ್ಬಕ್ಕೆ ಬರೋಕಾಗಲ್ಲ" ಎಂದು ನೀನು ಎರಡೇ ಸಾಲು ಬರೆದಿದ್ದೆಯಲ್ಲ, ಅದನ್ನು ಓದಿ ಸರ್ಪ್ರೈಸ್ ಕೊಡೋಣ ಎಂದು ನಾನೇ ಹೊರಟೆ. ಮನೆಯಲ್ಲಿ ಅಮ್ಮನ ಮನೆಗೆ ಎಂದು ಹೇಳಿದ್ದೆ. ಜಾನಕಮ್ಮತ್ತೆ ಬಾಗಿಲು ತೆಗೆದು, "ನೀನಾ?" ಎಂದು ಅಲ್ಲೇ ಅಡ್ಡ ನಿಂತರು. ನಾನೋ, ಮೊರ ಹಿಡಿದುಕೊಂಡು ಅವರ ಪಕ್ಕದಿಂದಲೇ ನುಗ್ಗಿದೆ. ಕಿಟಕಿಯ ಹತ್ತಿರ ನೀನು ಅವರದೇ ದೊಗಲೆ ನೈಟಿ ಹಾಕಿಕೊಂಡು, ಫಿಸಿಕ್ಸ್ ಪುಸ್ತಕವನ್ನು ಹೊಟ್ಟೆಯ ಮೇಲೆ ಆನಿಸಿಕೊಂಡು ಓದುತ್ತಿದ್ದೆ. ನನ್ನನ್ನು ನೋಡಿ ಅದೇ ಪುಸ್ತಕದಿಂದ ಹೊಟ್ಟೆ ಮುಚ್ಚಿಕೊಳ್ಳಲು ನೋಡಿದೆ. ಅಷ್ಟು ದೊಡ್ಡ ಪುಸ್ತಕವಲ್ಲ ಅದು.

ಏನು ಹೇಳಬೇಕೋ ತೋಚದೆ ಪೆದ್ದಿಯ ಹಾಗೆ, "ಬಾಗಿನ ತಂದಿದೀನಿ" ಅಂದೆ.

ನೀನು, "ಅತ್ತಿಗೆ, ಅದು ಮುತ್ತೈದೆಯರಿಗೆ. ನನಗೆ ಕೊಡಬಾರದು" ಅಂದೆ.

ದೇವರಾಣೆ ನನಗೆ ಗೊತ್ತಿರಲಿಲ್ಲ ಕಣೇ. ನೆಂಟರ ಹೆಂಗಸರಿಗೆಲ್ಲ ಕೊಡುವುದು ಎಂದುಕೊಂಡಿದ್ದೆ. ತಂದದ್ದನ್ನು ವಾಪಸ್ ಒಯ್ಯಲು ಮನಸ್ಸು ಬರಲಿಲ್ಲ. ಮೊರದ ಮೇಲೆ ನನ್ನ ಸೆರಗು ಮುಚ್ಚಿ ಮುಂದೆ ಹಿಡಿದೆ. ನಿನಗೆ ಸೆರಗೆಲ್ಲಿ? ಕುರ್ಚಿಯ ಮೇಲಿದ್ದ ದುಪಟ್ಟಾ ಎಳೆದುಕೊಂಡು ಅದರಲ್ಲೇ ಹಿಡಿದುಕೊಂಡೆ. ಒಳಗಿನ ಬಳೆಗಳು ಸದ್ದು ಮಾಡಿದವು. ಜಾನಕಮ್ಮತ್ತೆ ಗದರುತ್ತಾರೆ ಎಂದುಕೊಂಡೆ. "ಕೊಟ್ಟಾಯ್ತಲ್ಲ, ಬಿಡು. ಹಬ್ಬ ಅಂತ ಈ ಮನೆಗೆ ಒಬ್ಬಳಾದ್ರೂ ಬಂದ್ಲಲ್ಲ" ಅಂದರು. ಅಷ್ಟಕ್ಕೇ ನನಗೆ ಅಳು ಬಂದು ಓಡಿದ್ದು.

ಸಂಜೆ ನಿಮ್ಮಮ್ಮ, "ಒಂದು ಬಾಗಿನ ಕಮ್ಮಿ ಇದೆಯಲ್ಲ, ಯಾರಿಗೆ ಕೊಟ್ಟೆ?" ಎಂದು ಕೇಳಿದರು.

"ಅಕ್ಷಯಂಗೆ."

ಹೂಬತ್ತಿ ಹೊಸೆಯುತ್ತಿದ್ದ ಕೈ ನಿಂತಿತು. "ನೋಡಿದ್ಯಾ?"

"ನೋಡಿದೆ."

"ನಿಮ್ಮಮ್ಮಂಗೆ ಹೇಳ್ತೀಯಾ?"

ನನ್ನ ಬಾಯಿ ಗೊತ್ತಲ್ಲ, ಯೋಚಿಸುವ ಮೊದಲೇ ಓಡುತ್ತದೆ. "ಅವಳು ಹೇಗಿದ್ದಾಳೆ ಅಂತ ಮೊದಲು ಕೇಳಿ ಅತ್ತೆ" ಎಂದುಬಿಟ್ಟೆ. ಬೈಗುಳಕ್ಕೆ ಕಾದು ನಿಂತೆ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು, "ಹೇಗಿದ್ದಾಳೆ?" ಅಂದರು. ಜೂನ್‌ನಿಂದ ನಿನ್ನನ್ನು ನೋಡಲು ಧೈರ್ಯವಾಗಿಲ್ಲವಂತೆ.

ನಿಮ್ಮಣ್ಣನಿಗೆ ಎರಡು ದಿನ ನನ್ನ ಕೈ ಕಾಫಿ ಇಲ್ಲ. ಮೂರನೇ ದಿನ ಎಲ್ಲ ಹೇಳಿದರು. ಹನುಮಂತನಗರದ ತರಕಾರಿ ಅಂಗಡಿ ವೆಂಕಟರಾಮಪ್ಪನವರ ಮಗ ನಂದಕುಮಾರ್, ಡಿಪ್ಲೊಮಾ ಓದುವ ಹುಡುಗ, ನಿನ್ನ ಜೊತೆ ಟ್ಯೂಶನ್‌ಗೆ ಬರುತ್ತಿದ್ದವನು. ಅವನಿಗೂ ಹತ್ತೊಂಬತ್ತೇ ಅಂತೆ. ಡಿಸೆಂಬರ್‌ನಲ್ಲಿ ಮಗು ಹುಟ್ಟಿದ ಕೂಡಲೇ ಅದನ್ನು ಶಿವಮೊಗ್ಗದ ಮಕ್ಕಳಿಲ್ಲದ ದಂಪತಿಗೆ ಕೊಟ್ಟು, ನೀನು ಪರೀಕ್ಷೆ ಬರೆದು, ಏನೂ ನಡೆಯದ ಹಾಗೆ ಮನೆಗೆ ಬರಬೇಕು. ಇದು ಹಿರಿಯರ ಯೋಚನೆ. ನಿನ್ನನ್ನು ಕೇಳಿದರಾ? ನಾನು ಕೇಳುತ್ತಿದ್ದೇನೆ. ನಿನಗೇನು ಬೇಕು? ಕೊಡುತ್ತೇನೆ ಅಂದರೂ ನಾನು ನಿನ್ನ ಪಕ್ಕ, ಕೊಡುವುದಿಲ್ಲ ಅಂದರೂ ನಿನ್ನ ಪಕ್ಕ. ಅವಸರವಿಲ್ಲ. ನಿನ್ನ ಮನಸ್ಸಿಗೆ ಬಂದದ್ದನ್ನು ಬರಿ, ಅವರಿಗೆ ಹಿಡಿಸುವುದನ್ನಲ್ಲ.

ಮಂಗಳವಾರ ನಾನು ಬಂದು ನಿನ್ನನ್ನು ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಇಲ್ಲಿಯವರೆಗೆ ಒಂದೇ ಸಲ ತೋರಿಸಿರುವುದಂತೆ! ಹದಿನೇಳರ ವಯಸ್ಸಿನಲ್ಲಿ ಮೈ ಇನ್ನೂ ಬೆಳೆಯುತ್ತಿರುತ್ತದೆ, ಇಬ್ಬರಿಗೂ ಸಾಲುವಷ್ಟು ತಿನ್ನಬೇಕಂತೆ. ಯಾರಾದರೂ ಏನಾದರೂ ಕೇಳಿದರೆ ಉತ್ತರ ಹೇಳಲು ನಾನಿದ್ದೇನೆ. ನೀನು ತಲೆ ತಗ್ಗಿಸಬೇಡ.

ನಿನ್ನ,
ಆರಾಧನಾ

ತಾ.ಕ.: ಆ ಹಸಿರು ಬಳೆ ಹಾಕಿಕೋ. ಮೊರದಲ್ಲೇ ಇಟ್ಟು ನೋಡಬೇಡ.


ಬಸವನಗುಡಿ
15 ಅಕ್ಟೋಬರ್ 1998

ಮುದ್ದು ಅಕ್ಷಯಾ,

ಹೋದ ವಾರ ಆಸ್ಪತ್ರೆಯಲ್ಲಿ ಸಿಕ್ಕಾಗ ನೀನು ಮುನಿಸಿಕೊಂಡಿದ್ದೆ. "ನೀವೂ ಏನೂ ಹೇಳ್ತಿಲ್ಲ ಅತ್ತಿಗೆ" ಅಂದೆ. ಹೇಳಲು ಏನೂ ಇರಲಿಲ್ಲ ಕಂದ. ಇದೆ ಎಂದು ಸುಳ್ಳು ಹೇಳಲು ಇಷ್ಟವಿರಲಿಲ್ಲ. ಇವತ್ತು ಇದೆ! ಕೂತುಕೊಂಡು ಓದು.

"ಮಗು ಬೇಕು ಅತ್ತಿಗೆ. ಪರೀಕ್ಷೇನೂ ಬರೀಬೇಕು. ಎರಡೂ ಕೇಳಿದ್ರೆ ಜಾಸ್ತಿ ಆಗುತ್ತಾ?" ಎಂದು ನೀನು ಬರೆದಿದ್ದನ್ನು ನಾನು ಊಟಕ್ಕೆ ಕೂತಾಗ ಗಟ್ಟಿಯಾಗಿ ಓದಿದ್ದೆ. ಮಾವ ಮಜ್ಜಿಗೆ ಅನ್ನ ಬಿಟ್ಟು ಎದ್ದು ಹೋದರು. ನನ್ನ ಜೊತೆ ಮಾತು ಬಿಟ್ಟರು. ಪೇಪರ್ ಬೇಕಾದರೆ, "ಅಭೀ, ಪೇಪರ್ ಎಲ್ಲಿ ಅಂತ ಕೇಳು" ಎನ್ನುತ್ತಿದ್ದರು, ಪೇಪರ್ ನನ್ನ ಕೈಯಲ್ಲೇ ಇರುತ್ತಿತ್ತು! ನವರಾತ್ರಿಯಿಡೀ ಹೀಗೆ.

ಹೋದ ಭಾನುವಾರ ಗೇಟಿನ ಹತ್ತಿರ ಇಬ್ಬರು ಬಂದು ನಿಂತರು. ವೆಂಕಟರಾಮಪ್ಪನವರು, ಪಕ್ಕದಲ್ಲಿ ನಂದ. ಮಾವ ಬನ್ನಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ.

"ಸ್ವಾಮಿ, ಇವನು ಮಾಡಿದ್ದು ತಪ್ಪು. ನಾಲ್ಕು ಬಿಗಿದೂ ಇದೀನಿ. ಆದ್ರೆ ಆ ಮಗೂನ ತಪ್ಪು ಅನ್ನಕ್ಕೆ ನಂಗೆ ಬಾಯಿ ಬರಲ್ಲ" ಅಂದರು ವೆಂಕಟರಾಮಪ್ಪ.

ನಂದನ ಕಣ್ಣು ಚಪ್ಪಲಿಯ ಮೇಲೇ ಇತ್ತು. "ಸಾರ್, ಇಪ್ಪತ್ತೊಂದು ಆಗೋವರೆಗೂ ಮದುವೆ ಮಾಡ್ಕೊಳ್ಳೋಕೆ ಕಾನೂನು ಬಿಡಲ್ಲ. ಆಮೇಲೂ ಅಕ್ಷಯ ಒಪ್ಪಿದ್ರೇನೇ. ಅಲ್ಲೀವರೆಗೂ ಭಾನುವಾರ ಬಂದು ಮಗು ನೋಡ್ಲಾ ಸಾರ್?"

"ಇನ್ನೂ ಹುಟ್ಟೇ ಇಲ್ಲ, ನೋಡೋಕೆ ಬರ್ತಾನಂತೆ!" ಅಂದರು ಮಾವ. ಆಮೇಲೆ, "ಒಳಗೆ ಬನ್ನಿ. ಬೀದೀಲಿ ನಿಂತು ಎಷ್ಟು ಹೊತ್ತು ಮಾತಾಡ್ತೀರಿ" ಅಂದರು. ನನ್ನ ಕಡೆ ತಿರುಗಿ, "ಕಾಫಿ ಮಾಡಮ್ಮ" ಅಂದರು. ನನ್ನ ಹತ್ತಿರವೇ! ನಿಮ್ಮಣ್ಣ ಅಡುಗೆಮನೆಗೆ ಬಂದು, "ಸಕ್ಕರೆ ಹಾಕಿದ್ಯಾ ಇಲ್ವಾ?" ಅಂದರು. ಎರಡು ಸಲ ಹಾಕಿದ್ದೆ.

ನಂದನ ಮಾತನ್ನು ಹೂಂ ಎನ್ನುವುದೋ ಊಹೂಂ ಎನ್ನುವುದೋ ನಿನ್ನಿಷ್ಟ. ಅದಕ್ಕೂ ನೀನು ಮನೆಗೆ ಬರುವುದಕ್ಕೂ ಸಂಬಂಧವಿಲ್ಲ ಎಂದು ನಿಮ್ಮಪ್ಪನೇ ಅವನ ಎದುರಿಗೆ ಹೇಳಿದರು.

ಮನೆಗೆ! ಹೂಂ ಕಣೇ, ಅದನ್ನೇ ಹೇಳಹೊರಟೆ. ಮಂಗಳವಾರ ನಾನು ಮಹಡಿಯಿಂದ ಇಳಿದರೆ ನಿಮ್ಮಮ್ಮ ಅಟ್ಟದಿಂದ ಮೊರ ಇಳಿಸಿ ಅರಿಶಿನ ಹಚ್ಚುತ್ತಿದ್ದರು. "ಗೌರಿ ಹಬ್ಬಕ್ಕೆ ತವರಿಂದ ಬಾಗಿನ ಹೋಗ್ಬೇಕು. ಸೊಸೆ ಕೊಟ್ಲು, ಹೆತ್ತವಳು ಕೊಡ್ಲಿಲ್ಲ" ಅಂದರು.

ಈಗ ನನಗೂ ಶಾಸ್ತ್ರ ಗೊತ್ತಲ್ಲ! "ಅತ್ತೆ, ಅದು ಮುತ್ತೈದೆಯರಿಗೆ..."

"ನಂಗೇ ಹೇಳ್ಕೊಡ್ತೀಯಾ? ಸುಮ್ನೆ ಬಳೆ ಆರಿಸು. ದೊಡ್ಡ ಅಳತೆದು ನೋಡು, ಈಗ ಕೈ ಊದಿರುತ್ತೆ."

ಆಗಲೇ ಎದುರುಮನೆ ಶಿವಕುಮಾರಿಯವರು ಗೇಟಿನಿಂದ, "ಏನ್ರೀ, ದೀಪಾವಳಿಗೆ ಮಗಳು ಬರ್ತಾಳಾ?" ಎಂದು ಕೇಳಿದರು. ನಿಮ್ಮಮ್ಮ ಬಾಗಿಲಿಗೆ ಹೋಗಿ, "ಬರ್ತಾಳೆ. ಡಿಸೆಂಬರ್‌ಗೆ ನಮ್ಮನೇಲೇ ಬಾಣಂತನ" ಅಂದರು. ಶಿವಕುಮಾರಿಯವರ ಬಾಯಿ ತೆರೆದದ್ದು ತೆರೆದೇ ಇತ್ತು. ನಿಮ್ಮಮ್ಮ ಒಳಗೆ ಬಂದು ಒಂದು ಚೊಂಬು ನೀರನ್ನು ಒಂದೇ ಉಸಿರಿಗೆ ಕುಡಿದು ಮತ್ತೆ ಮೊರದ ಮುಂದೆ ಕೂತರು.

ಬೀದಿಯವರು ಆಡಿಕೊಳ್ಳುತ್ತಾರೆ, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಆಡುವಾಗ ನೀನು ಒಬ್ಬಳೇ ಇರುವುದಿಲ್ಲ, ಅಷ್ಟೇ.

ಭಾನುವಾರ, ನೀರು ತುಂಬುವ ಹಬ್ಬದ ದಿನ, ನಿಮ್ಮಮ್ಮ ಬಾಗಿನ ಹಿಡಿದುಕೊಂಡು ಬರುತ್ತಾರೆ. ಜೊತೆಗೆ ನಾನು. ದುಪಟ್ಟಾ ತಯಾರಾಗಿಟ್ಟುಕೋ. ಅವರೇ ನಿನ್ನನ್ನು ಕರೆದುಕೊಂಡು ಬರುವುದು. ಸೋಮವಾರ ಬೆಳಿಗ್ಗೆ ನಿನ್ನ ತಲೆಗೆ ಅವರೇ ಎಣ್ಣೆ ಒತ್ತುತ್ತಾರಂತೆ. ನಿನ್ನ ಕೋಣೆಯ ಕಿಟಕಿ ತೊಳೆದು, ಮೇಜನ್ನು ಬೆಳಕಿಗೆ ಎಳೆದಿಟ್ಟಿದ್ದೇನೆ. ಮನೆಯಲ್ಲೇ ಓದಿ ಪರೀಕ್ಷೆಗೆ ಕೂರುವುದು ಹೇಗೆ ಎಂದು ನಿಮ್ಮಣ್ಣ ವಿಚಾರಿಸಿ ಬಂದಿದ್ದಾರೆ. ಫಿಸಿಕ್ಸ್ ಅವರು, ಇಂಗ್ಲಿಷ್ ನಾನು. ಕನ್ನಡ ಮಾತ್ರ ನನ್ನನ್ನು ಕೇಳಬೇಡ. ಜಾನಕಮ್ಮತ್ತೆಯನ್ನೂ ಒಂದು ತಿಂಗಳ ಮಟ್ಟಿಗೆ ಬನ್ನಿ ಅನ್ನು. ನೀನು ಹೊರಟರೆ ಅವರಿಗೆ ಮನೆ ಖಾಲಿ ಅನ್ನಿಸುತ್ತದೆ.

ಅಲ್ಲಿಯವರೆಗೂ ಮಾತ್ರೆ ತಪ್ಪಿಸಬೇಡ. ಕಬ್ಬಿಣದ ಮಾತ್ರೆಯನ್ನು ಕಾಫಿ ಜೊತೆ ನುಂಗಬೇಡ, ನಿಂಬೆ ಪಾನಕದ ಜೊತೆ ತಗೋ. ತುಂಬಾ ತಲೆನೋವು ಬಂದರೆ, ಕಣ್ಣು ಮಂಜಾದರೆ, ಮುಖ ಊದಿಕೊಂಡರೆ, ಮಗುವಿನ ಒದೆತ ಕಡಿಮೆ ಅನ್ನಿಸಿದರೆ ಭಾನುವಾರಕ್ಕೆ ಕಾಯಬೇಡ. ಪಕ್ಕದ ಮನೆಯಿಂದ ಫೋನ್ ಮಾಡು, ತಕ್ಷಣ ಬರುತ್ತೇವೆ.

ಚೆನ್ನಾಗಿರು ನನ್ನ ಪುಟ್ಟೀ. ನಿನ್ನ ಹೊಟ್ಟೆ ತಣ್ಣಗಿರಲಿ, ನಿನ್ನ ಪುಸ್ತಕಗಳು ತೆರೆದೇ ಇರಲಿ.

ನಿನ್ನ ಅತ್ತಿಗೆ,
ಆರಾಧನಾ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಬಾಗಿನ ತುಂಬುತ್ತಾ ನಿಮ್ಮಮ್ಮ, "ಇವಳದು ನಾಲ್ಕು ಜನಕ್ಕೆ ಗೊತ್ತಾಗೋಕೆ ಮುಂಚೆ ಅವನ ಮದುವೆ ಮುಗಿಸ್ಬಿಡೋಣ ಅಂತ ಓಡಿದ್ವಿ, ನಿಂಗೂ ಮೋಸ ಮಾಡಿದ್ವಿ" ಎಂದುಬಿಟ್ಟರು. ಓಹೋ, ಆ ಅವಸರ ಇದಕ್ಕಾ! ರಾತ್ರಿ ನಿಮ್ಮಣ್ಣನನ್ನು ಕೇಳಿದೆ. ಸುಳ್ಳು ಹೇಳಲು ಬರುವುದಿಲ್ಲವಲ್ಲ ಅವರಿಗೆ. ನನ್ನ ನಂತರ ಇನ್ನೂ ಇಬ್ಬರು ಹುಡುಗಿಯರನ್ನು ನೋಡುವುದಿತ್ತಂತೆ, ಪುರುಸೊತ್ತಾಗಲಿಲ್ಲವಂತೆ. ಈಗ ಅವರಿಗೆ ನಾನೆಂದರೆ ಪ್ರಾಣ, ಅದು ಗೊತ್ತು. ಆದರೂ ಮರುದಿನ ಮಧ್ಯಾಹ್ನವೆಲ್ಲ ಆಲ್ಬಮ್ ಮುಂದಿಟ್ಟುಕೊಂಡು ಕೂತಿದ್ದೆ. ಮೊದಲ ಕಾಗದದಲ್ಲಿ ನಾನು ಅಷ್ಟೆಲ್ಲ ಜಂಬ ಕೊಚ್ಚಿಕೊಂಡಾಗ ನಿನಗೆ ಎಲ್ಲ ಗೊತ್ತಿತ್ತು ಅಲ್ಲವಾ? ಆದರೂ "ಅಣ್ಣ ಅದೃಷ್ಟವಂತ" ಎಂದಷ್ಟೇ ಬರೆದೆ. ಅದಕ್ಕೆ ನಿನಗೊಂದು ಮುತ್ತು. ನಿನ್ನ ಮೇಲೆ ಒಂದು ಚೂರೂ ಕೋಪವಿಲ್ಲ. ಒಂದೇ ಒಂದು ಕೇಳುತ್ತೇನೆ. ಏಪ್ರಿಲ್‌ನಲ್ಲಿ ನನ್ನನ್ನು ನೋಡಿಕೊಂಡು ಮನೆಗೆ ಬಂದ ಸಂಜೆ ನೀನು ಅಲ್ಲಿದ್ದೆಯಲ್ಲ. ನಿಮ್ಮಣ್ಣ ನನ್ನ ಬಗ್ಗೆ ಏನಾದರೂ ಅಂದಿದ್ದರಾ? ನೀನು ಬಂದ ಮೇಲೆ ಅವರಿಲ್ಲದಾಗ ಹೇಳು. ಏನೂ ಅಂದಿರದಿದ್ದರೆ ಏನಾದರೂ ಕಟ್ಟಿ ಹೇಳು. ನಾನು ನಂಬುತ್ತೇನೆ.